ಹಳೇ ವೈಫೈ ರೂಟರ್ ಬದಲಾಯಿಸ್ಬೇಕು, ಬಜೆಟ್ 2000, ಕಲ್ಲುಗೋಡೆ ಮನೆ, ಯಾವ್ದು ತಗೊಳ್ಳೋದು?

ಅಂತರಗಂಗೆ (ಕೋಲಾರ):
ಎಲ್ರಿಗೂ ನಮಸ್ಕಾರ. ನಮ್ಮನೆ ರೂಟರ್ 2014ರಲ್ಲಿ ತಗೊಂಡಿದ್ದು, ಒಂದೇ ಆಂಟೆನಾ, 2.4 ಗಿಗಾಹರ್ಟ್ಸ್ ಮಾತ್ರ, ಡಬ್ಬದ ಮೇಲೆ ಸ್ಪೀಡ್ 150 ಎಂಬಿಪಿಎಸ್ ಅಂತ ಇದೆ. ಹೋದ್ವರ್ಷ ಫೈಬರ್ ಹಾಕಿಸ್ಕೊಂಡ್ವಿ, 40 ಎಂಬಿಪಿಎಸ್ ಪ್ಲಾನು, ಅವ್ರು ಕೊಟ್ಟ ಬಾಕ್ಸಲ್ಲಿ ವೈಫೈ ಇಲ್ಲ, ಒಂದೇ ಪೋರ್ಟು, ಅಲ್ಲಿಂದ ಕೇಬಲ್ ನಮ್ಮ ಹಳೇ ರೂಟರ್‌ಗೆ ಬರತ್ತೆ. ಮನೆ ತಾತನ ಕಾಲದ್ದು, ಸೈಜುಗಲ್ಲಿನ ಗೋಡೆ, ಒಂದೂವರೆ ಅಡಿ ದಪ್ಪ. ತಂಗಿ ಸೆಕೆಂಡ್ ಪಿಯುಸಿ, ಹಿಂದಿನ ರೂಮಲ್ಲಿ ಕೂತು ಓದ್ತಾಳೆ, ಸಂಜೆ ಏಳಕ್ಕೆ ಸಿಇಟಿ ಕ್ಲಾಸು ಆನ್‌ಲೈನಲ್ಲಿ, ಅದೇ ಟೈಮಿಗೆ ಕಟ್ ಆಗಿ ಆಗಿ ಮೇಷ್ಟ್ರು ಹೇಳಿದ್ದು ಅರ್ಧಕ್ಕರ್ಧ ಹೋಗ್ಬಿಡತ್ತೆ, ಪಾಪ ಹಾಲ್‌ಗೆ ಬಂದು ಟೀವಿ ಸದ್ದಲ್ಲಿ ಕೂತ್ಕೋತಾಳೆ. ದಿನಕ್ಕೆ ನಾಕೈದ್ ಸಲ ರೂಟರ್ ತಾನಾಗೇ ರೀಸ್ಟಾರ್ಟ್ ಬೇರೆ ಆಗತ್ತೆ. ಅಂಗಡೀಲಿ ಕೇಳಿದ್ರೆ ಮೆಶ್ ಸೆಟ್ (ಮನೆಯ ಬೇರೆ ಬೇರೆ ಕಡೆ ಇಟ್ಟು ಒಂದೇ ವೈಫೈ ಹರಡೋ ಡಬ್ಬಗಳು) ಹಾಕ್ಸಿ, ಏಳು ಸಾವಿರ ಆಗತ್ತೆ ಅಂದ್ರು. ಅಷ್ಟು ಆಗಲ್ಲ, ಎರಡು ಸಾವಿರದೊಳಗೆ ಏನಾದ್ರೂ ದಾರಿ ಇದ್ರೆ ಹೇಳಿ.

ಶಿರಾ ಗೇಟ್ (ತುಮಕೂರು):
ತಮ್ಮಾ, ಇನ್ನೂ ದುಡ್ಡು ಬಿಚ್ಬೇಡ. ಮೊದ್ಲು ಲ್ಯಾಪ್‌ಟಾಪ್‌ನ ಕೇಬಲ್ಲಲ್ಲಿ ರೂಟರ್‌ಗೆ ಹಾಕಿ ಸ್ಪೀಡ್ ನೋಡು, ಆಮೇಲೆ ವೈಫೈಯಲ್ಲಿ ಹಾಲಲ್ಲೊಂದ್ಸಲ, ಹಿಂದಿನ ರೂಮಲ್ಲೊಂದ್ಸಲ ನೋಡು. ಮೂರು ನಂಬರೂ ಇಲ್ಲಿ ಹಾಕು. ಇನ್ನೊಂದು, ರೀಸ್ಟಾರ್ಟ್ ಆದಾಗ ಅಷ್ಟೂ ಲೈಟ್ ಆರಿ ಹತ್ತತ್ತಾ, ಇಲ್ಲ ಇಂಟರ್ನೆಟ್ ಲೈಟ್ ಒಂದೇ ಹೋಗತ್ತಾ? ಅಡಾಪ್ಟರ್ ಮುಟ್ಟಿ ನೋಡಿ ಹೇಳು.

ಅಂತರಗಂಗೆ:
ನೋಡ್ದೆ ಅಣ್ಣ. ಕೇಬಲ್ಲಲ್ಲಿ 39, ಹಾಲಲ್ಲಿ ವೈಫೈ 26, ಹಿಂದಿನ ರೂಮಲ್ಲಿ 2, ಬಾಗ್ಲು ಹಾಕಿದ್ರೆ ಅದೂ ಇಲ್ಲ. ಅಷ್ಟೂ ಲೈಟ್ ಒಟ್ಟಿಗೆ ಆರಿ ಹತ್ತತ್ತೆ. ಅಡಾಪ್ಟರ್ ಕೈ ಇಡಕ್ಕಾಗಲ್ಲ, ದೋಸೆ ಕಾವಲಿ ಥರ ಸುಡ್ತಿದೆ, ಒಂದು ಮೂಲೇಲಿ ಪ್ಲಾಸ್ಟಿಕ್ ಹಳದಿ ತಿರ್ಗಿದೆ. ಮೇಲೆ 9 ವೋಲ್ಟ್ 0.6 ಆಂಪ್ ಅಂತಿದೆ.

ಶಿರಾ ಗೇಟ್:
ಹಂಗಾದ್ರೆ ನಿಂದು ಎರಡು ಬೇರೆ ಬೇರೆ ತೊಂದ್ರೆ, ಒಂದೇ ಅನ್ಕೊಂಡಿದೀಯ. ಲೈನು ಸರಿಯಾಗೇ ಇದೆ, 40ಕ್ಕೆ 39 ಬರ್ತಿದೆ. ರೀಸ್ಟಾರ್ಟ್ ಆಗೋದು ಬಹುಪಾಲು ಅಡಾಪ್ಟರ್‌ದೇ, ಒಳಗಿನ ಕೆಪಾಸಿಟರ್ ವರ್ಷಗಟ್ಟಲೆ ಬಿಸಿಗೆ ಒಣಗಿ ಉಬ್ಬಿರತ್ತೆ, ಸುಮ್ನೆ ಮಲ್ಟಿಮೀಟರ್ ಇಟ್ರೆ ಒಂಬತ್ತು ವೋಲ್ಟ್ ತೋರಿಸ್ಬಹುದು, ಆದ್ರೆ ರೂಟರ್ ಜೋರಾಗಿ ಕೆಲ್ಸ ಮಾಡುವಾಗ ವೋಲ್ಟೇಜ್ ಕುಸಿದು ಆರಿಹೋಗತ್ತೆ, ಸಂಜೆ ಎಲ್ರೂ ಮೊಬೈಲ್ ಹಿಡಿದಾಗಲೇ ಆಗೋದು ಅದಕ್ಕೆ. ಅದೇ 9 ವೋಲ್ಟಿನ, 0.6 ಇಲ್ಲ ಅದಕ್ಕಿಂತ ಜಾಸ್ತಿ ಆಂಪಿಂದು ತಗೋ, ಪಿನ್ ಸೈಜು, ಒಳಗೆ ಪ್ಲಸ್ಸಾ ಮೈನಸ್ಸಾ ಅನ್ನೋ ಗುರುತು ನೋಡ್ಕೋ. ಪಿನ್ ಕೂರತ್ತೆ ಅಂತ ಸೆಟ್‌ಟಾಪ್ ಬಾಕ್ಸಿನ 12 ವೋಲ್ಟ್ ಮಾತ್ರ ಚುಚ್ಬೇಡ, ಸುಟ್ಟೋಗ್ಬಹುದು. ಈಗಿರೋ ಅಡಾಪ್ಟರ್‌ನ ಇವತ್ತೇ ಕಿತ್ತಿಡು, ಅಷ್ಟು ಬಿಸಿ ಆಗೋದನ್ನ ರಾತ್ರಿಯೆಲ್ಲ ಹಾಕಿಡೋದು ಒಳ್ಳೇದಲ್ಲ.

ಇನ್ನು ಹಿಂದಿನ ರೂಮಿನ 2. ಅದು ಗೋಡೆ. ಎಷ್ಟೇ ದುಬಾರಿ ರೂಟರ್ ಹಾಲಲ್ಲಿಟ್ರೂ ಒಂದೂವರೆ ಅಡಿ ಕಲ್ಲು ಕರಗಲ್ಲ.

ನಂದಿ ತಪ್ಪಲು (ಚಿಕ್ಕಬಳ್ಳಾಪುರ):
ಕಲ್ಲುಗೋಡೆ ಅಂದ್ರೆ ನಂಗೂ ಗೊತ್ತು, ನಮ್ಮದೂ ಅದೇ ಥರ ಮನೆ. ಹೊಸ ರೂಟರ್ ತಗೊಳ್ಳಿ, ಬೇಡ ಅನ್ನಲ್ಲ, 150ರದ್ದು ನಿಜವಾಗ್ಲೂ ಹಳೇದಾಯ್ತು. ಆ 150 ಅನ್ನೋದು ವೈಫೈ ಚಾನೆಲ್ 40 ಮೆಗಾಹರ್ಟ್ಸ್ ಅಗಲ ಇದ್ರೆ ಮಾತ್ರ, ಮಾಮೂಲಿ 20 ಇದ್ರೆ ಲಿಂಕೇ 72, ಕೈಗೆ ಸಿಗೋದು ಅದ್ರಲ್ಲಿ ಅರ್ಧದ ಆಸುಪಾಸು, ಅಕ್ಕಪಕ್ಕದ ಮನೆ ವೈಫೈ ಎಲ್ಲ ಅದೇ ಬ್ಯಾಂಡಲ್ಲಿದ್ರೆ ಇನ್ನೂ ಕಮ್ಮಿ. ಡ್ಯುಯಲ್ ಬ್ಯಾಂಡ್ (2.4, 5 ಎರಡೂ ಇರೋದು) ತಗೊಂಡ್ರೆ ಹಾಲಲ್ಲಿ 5 ಗಿಗಾಹರ್ಟ್ಸಲ್ಲಿ ಪೂರ್ತಿ 40 ಸಿಗತ್ತೆ. ಆದ್ರೆ 5 ಗಿಗಾಹರ್ಟ್ಸ್ ಗೋಡೆ ದಾಟೋದ್ರಲ್ಲಿ 2.4ಕ್ಕಿಂತ ಸೋಂಬೇರಿ, ಹಿಂದಿನ ರೂಮಿಗೆ ಅದ್ರಿಂದ ಏನೂ ಆಗಲ್ಲ.

ನಾನಾದ್ರೆ ಟಿಪಿ-ಲಿಂಕ್ ಆರ್ಚರ್ ಸಿ6 ತಗೊಳ್ಳಿ ಅಂತೀನಿ, ಪೋರ್ಟ್ ಎಲ್ಲ ಗಿಗಾಬಿಟ್ (1000 ಎಂಬಿಪಿಎಸ್), ಮುಂದೆ ಪ್ಲಾನ್ ಜಾಸ್ತಿ ಮಾಡಿದ್ರೂ ನಡಿಯತ್ತೆ.

ಶಿರಾ ಗೇಟ್:
ನಂದಿ ಸರ್ ಹೇಳೋದು ತಪ್ಪಲ್ಲ, ಆದ್ರೆ ಇಲ್ಲಿ ಬಜೆಟ್ ಎರಡು ಸಾವಿರ. 40ರ ಪ್ಲಾನಿಗೆ 100 ಎಂಬಿಪಿಎಸ್ ಪೋರ್ಟೇ ಧಾರಾಳ. ಆರ್ಚರ್ ಸಿ20 ಥರದ್ದು ಸಾಕು, ಎರಡೂ ಬ್ಯಾಂಡ್ ಇದೆ. ಉಳಿದ ದುಡ್ಡು ಕೇಬಲ್‌ಗೆ ಹಾಕು ತಮ್ಮಾ, ಮನೆಗೆ ಬೇಕಾಗಿರೋದು ಅದೇ. ಹೊಸದನ್ನ ಹಾಲಲ್ಲಿಡು, ಅಲ್ಲಿಂದ ಒಂದು ಕ್ಯಾಟ್ 5ಇ ಅನ್ನೋ ನೆಟ್‌ವರ್ಕ್ ಕೇಬಲ್ ಹಿಂದಿನ ರೂಮಿಗೆ ಎಳಿ, ಗೋಡೆ ಕೊರೆಯೋದು ಬೇಡ, ಜಂತೆ ಪಕ್ಕದಲ್ಲೋ ವೆಂಟಿಲೇಟರ್ ಸಂದಲ್ಲೋ ತೂರಿಸು. ಪೂರ್ತಿ ತಾಮ್ರದ್ದು ಕೇಳಿ ತಗೋ, ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿರೋದು ಅಗ್ಗಕ್ಕೆ ಕೊಡ್ತಾರೆ, ಬಗ್ಗಿಸಿದ್ರೆ ಮುರಿಯತ್ತೆ. ಆ ತುದೀಲಿ ನಿನ್ನ ಹಳೇ ರೂಟರ್ ಇಡು, ಹೊಸ ಅಡಾಪ್ಟರ್ ಹಾಕಿ.

ಹಳೇದನ್ನ ಹಂಗೇ ಚುಚ್ಚಿದ್ರೆ ಆಗಲ್ಲ. ಮೊದ್ಲು ಅದ್ರ ಪೇಜ್ ಓಪನ್ ಮಾಡಿ ಲ್ಯಾನ್ ಐಪಿ (ಮನೆ ನೆಟ್‌ವರ್ಕಲ್ಲಿ ಅದ್ರ ವಿಳಾಸ) ಬದಲಾಯಿಸು, ಹೊಸದು 192.168.0.1 ಆಗಿದ್ರೆ ಇದಕ್ಕೆ 192.168.0.2 ಕೊಡು, ಹೊಸ ರೂಟರ್ ಹಂಚೋ ಐಪಿ ಪಟ್ಟಿಯೊಳಗೆ ಆ ನಂಬರ್ ಇರಬಾರ್ದು. ಆಮೇಲೆ ಡಿಎಚ್‌ಸಿಪಿ (ಮೊಬೈಲ್‌ಗಳಿಗೆ ಐಪಿ ಹಂಚೋ ಕೆಲ್ಸ) ಆಫ್ ಮಾಡು, ಇದನ್ನ ಮರೆತ್ರೆ ಇಬ್ರೂ ಐಪಿ ಹಂಚೋಕೆ ಹೋಗಿ ಒಂದು ಮೊಬೈಲ್‌ಗೆ ನೆಟ್ ಬಂದ್ರೆ ಇನ್ನೊಂದಕ್ಕೆ ಬರಲ್ಲ. ಕೇಬಲ್‌ನ ಹಳೇದ್ರ ಲ್ಯಾನ್ ಪೋರ್ಟಿಗೆ ಹಾಕು, ಹೊರಗಿನ ಇಂಟರ್ನೆಟ್ ಬರೋ, ಬೇರೆ ಬಣ್ಣದ ವ್ಯಾನ್ ಪೋರ್ಟ್ ಖಾಲಿ ಬಿಡು. ಹೆಸ್ರು ಪಾಸ್‌ವರ್ಡ್ ಎರಡಕ್ಕೂ ಒಂದೇ ಇರ್ಲಿ, ಚಾನೆಲ್ ಮಾತ್ರ ಒಂದಕ್ಕೆ 1, ಇನ್ನೊಂದಕ್ಕೆ 11. ಸೆಕ್ಯುರಿಟಿ ಡಬ್ಲ್ಯೂಪಿಎ2 ಎಇಎಸ್, ಡಬ್ಲ್ಯೂಪಿಎಸ್ (ಬಟನ್ ಒತ್ತಿ ಇಲ್ಲ ಪಿನ್ ಹಾಕಿ ಸೇರೋದು) ಆಫ್.

ನಂದಿ ತಪ್ಪಲು:
ಹಂಗಾದ್ರೆ ಸರಿ, ಕೇಬಲ್ ಎಳೆಯೋದಾದ್ರೆ ಸಿ20ನೇ ಸಾಕು. ಒಂದು ಸೇರಿಸ್ತೀನಿ, ಹಳೇ ರೂಟರ್ ರೀಸೆಟ್ ಮಾಡೋ ಮುಂಚೆ ಪಿಪಿಪಿಒಇ (ಇಂಟರ್ನೆಟ್‌ಗೆ ಲಾಗಿನ್ ಆಗೋ) ಯೂಸರ್‌ನೇಮ್, ಪಾಸ್‌ವರ್ಡ್ ಫೈಬರ್‌ನವ್ರ ಹತ್ರ ಕೇಳಿ ಬರ್ಕೊಳ್ಳಿ. ಕೆಲವ್ರು ಹಳೇ ರೂಟರ್‌ನ ಮ್ಯಾಕ್ ಅಡ್ರೆಸ್‌ಗೇ (ಆ ಡಬ್ಬದ ಗುರುತಿನ ನಂಬರ್‌ಗೇ) ಕಟ್ಟಿರ್ತಾರೆ, ಯೂಸರ್‌ನೇಮ್ ಸರಿ ಇದ್ರೂ ಹೊಸದ್ರಲ್ಲಿ ನೆಟ್ ಬರಲ್ಲ, ಆಗ ಮ್ಯಾಕ್ ಕ್ಲೋನ್ ಅನ್ನೋ ಜಾಗದಲ್ಲಿ ಹಳೇದ್ರ ವ್ಯಾನ್ ಮ್ಯಾಕ್ ನಂಬರ್ ಹಾಕಿ, ಇಲ್ಲ ಫೋನ್ ಮಾಡಿ ತೆಗೆಸಿ.

ಅಂತರಗಂಗೆ:
ಎರಡು ಭಾನುವಾರ ಹಿಡೀತು, ಮುಗೀತು. ಮೊದ್ಲು ಅಡಾಪ್ಟರ್ ಒಂದೇ ತಂದೆ, ಒಂದು ವಾರ ನೋಡ್ದೆ, ಒಂದ್ಸಲನೂ ರೀಸ್ಟಾರ್ಟ್ ಆಗ್ಲಿಲ್ಲ. ಆಮೇಲೆ ಸಿ20 ಸೆಕೆಂಡ್‌ಹ್ಯಾಂಡ್ ಸಿಕ್ತು, 800ಕ್ಕೆ ಕೊಟ್ರು. ಕೇಬಲ್ 18 ಮೀಟರ್, ಅಟ್ಟದ ಮೇಲಿಂದ ತಂದು ವೆಂಟಿಲೇಟರ್ ಸಂದಲ್ಲಿ ಇಳಿಸ್ದೆ. ಕ್ಲಿಪ್ ಒತ್ತೋ ಟೂಲ್ ಪಕ್ಕದ ಮನೆ ಅಣ್ಣ ಕೊಟ್ರು, ನಾನೇ ಹಾಕ್ದೆ, ಮೊದಲ್ನೇ ಸಲ ಲೈಟೇ ಹತ್ಲಿಲ್ಲ, ಬಿಚ್ಚಿ ನೋಡಿದ್ರೆ ಒಂದು ತುದೀಲಿ ಹಸಿರೂ ನೀಲಿನೂ ಅದಲು ಬದಲು. ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಕಂದು, ಕಂದು ಅಂತ ತಂಗಿ ಜೋರಾಗಿ ಓದ್ತಾ ಇದ್ಲು, ನಾನು ಒಂದೊಂದೇ ವೈರ್ ನೆಟ್ಟಗೆ ಮಾಡಿ ತೂರಿಸ್ದೆ. ಎರಡನೇ ಸಲ ಹತ್ತಿದ ತಕ್ಷಣ ಇಬ್ರೂ ಕೂಗ್ಬಿಟ್ವಿ.

ಮ್ಯಾಕ್ ತೊಂದ್ರೆ ನಂದಿ ಸರ್ ಹೇಳಿದ್ ಹಂಗೇ ಬಂತು, ಕ್ಲೋನ್ ಮಾಡಿದ್ಮೇಲೆ ಸರಿಹೋಯ್ತು. ಈಗ ಹಾಲಲ್ಲಿ 39, ಹಿಂದಿನ ರೂಮಲ್ಲಿ ಬಾಗ್ಲು ಹಾಕ್ಕೊಂಡು 31. ನಿನ್ನೆ ಸಂಜೆ ಕ್ಲಾಸ್ ಪೂರ್ತಿ ಒಂದೂವರೆ ಗಂಟೆ ಒಂದ್ಸಲನೂ ನಿಲ್ಲಲಿಲ್ಲ. ಇಬ್ರಿಗೂ ತುಂಬಾ ಥ್ಯಾಂಕ್ಸ್. ಒಂದೇ ಡೌಟು, ಅಮ್ಮನ ಹಳೇ ಫೋನಲ್ಲಿ 5ಜಿ ಅಂತ ಕೊನೇಲಿರೋ ವೈಫೈ ಹೆಸ್ರು ಕಾಣಿಸ್ತಾನೇ ಇಲ್ಲ, ನಮ್ಮ ಫೋನ್‌ಗಳಲ್ಲಿ ಕಾಣತ್ತೆ.

ಶಿರಾ ಗೇಟ್:
ತುಂಬಾ ಖುಷಿ ಆಯ್ತು ತಮ್ಮಾ. ಅಮ್ಮನ ಫೋನಲ್ಲಿ 2.4ರ ರೇಡಿಯೋ ಮಾತ್ರ ಇರತ್ತೆ, ಸೆಟ್ಟಿಂಗ್ ತಪ್ಪಲ್ಲ. ಇನ್ನೊಂದು ಹೆಸ್ರಿಗೆ ಹಾಕ್ಕೊಡು, ಸಾಕು.