ಗ್ರಾಂಡೆ ದ್ವೀಪದ ಪಕ್ಕ ಲಂಗರು ಹಾಕಿ ಎರಡು ರಾತ್ರಿ: ಹೋಗಿ ಬಂದವರು ಹೇಳಿ

ಪ್ರಶ್ನೆ, ವಾಸ್ಕೋದಿಂದ:
ಊರು ಹುಬ್ಬಳ್ಳಿ, ಕೆಲಸ ಗೋವಾದ ವಾಸ್ಕೋದಲ್ಲಿ. ಎರಡು ವರ್ಷದಿಂದ ಹಾಯಿದೋಣಿ ಕಲಿಯುತ್ತಿದ್ದೇನೆ. ಡಿಸೆಂಬರಿನಲ್ಲಿ ಗೆಳೆಯನ ದೋಣಿಯಲ್ಲಿ ಗ್ರಾಂಡೆ ದ್ವೀಪಕ್ಕೆ ಹೊರಟಿದ್ದೇವೆ. ದ್ವೀಪದ ಒಳಮಗ್ಗುಲಲ್ಲಿ ಎರಡು ರಾತ್ರಿ ಲಂಗರು. ಇನ್ನೂ ಮೂರು ದೋಣಿ ಬರುತ್ತವೆ. ಒಂದರಲ್ಲಿ ಫ್ರಾನ್ಸಿನ ವಯಸ್ಸಾದ ದಂಪತಿ, ಉಳಿದವರು ಮುಂಬೈಯವರು. ನನಗೆ ಯಾರ ಪರಿಚಯವೂ ಇಲ್ಲ, ಮಾತೂ ಕಡಿಮೆ. ದೋಣಿಯಿಂದ ದೋಣಿಗೆ ಹೋಗಿ ಬೆರೆಯೋದು ಹೇಗೆ? ಕೈಯಲ್ಲಿ ಏನು ಒಯ್ಯಬೇಕು? ಸುತ್ತಾಡೋಕೆ ಏನಿದೆ?

ಪಣಜಿಯಿಂದ ಒಬ್ಬರು:
ಮೊದಲು ಲಂಗರು, ಆಮೇಲೆ ಸ್ನೇಹ. ತೀರಾ ಹತ್ತಿರ ಬಂದು ಲಂಗರು ಇಳಿಸಿದರೆ ಪಕ್ಕದವರು ನಿಮ್ಮನ್ನು ಚಹಾಕ್ಕೆ ಕರೆಯೋದಿಲ್ಲ, ಫೆಂಡರ್ (ದೋಣಿಗೆ ದೋಣಿ ತಾಗದಂತೆ ನಡುವೆ ಇಡುವ ಮೆತ್ತೆ) ಹಿಡಿದು ಕಾಯುತ್ತಾ ನಿಲ್ಲುತ್ತಾರೆ. ಮೊದಲು ಬಂದವರದೇ ಜಾಗ. ಆಮೇಲೆ ಬಂದವರು ಅವರ ದೋಣಿ ಪೂರ್ತಿ ತಿರುಗುವಷ್ಟು ಜಾಗ ಬಿಡಬೇಕು.

ಡಿಸೆಂಬರಿನಲ್ಲಿ ಮಧ್ಯಾಹ್ನ ವಾಯವ್ಯದಿಂದ ಕಡಲಗಾಳಿ ಏಳುತ್ತೆ. ರಾತ್ರಿ ಅದು ಸತ್ತು, ಪೂರ್ವದಿಂದ ನೆಲದ ಗಾಳಿ ಶುರು. ಲಂಗರು ಹಾಕಿದ ದೋಣಿ ಗಾಳಿಗೆ ಮುಖ ಮಾಡಿ ತಿರುಗುತ್ತೆ. ಅಂದರೆ ಸಂಜೆ ದೋಣಿಯ ಮೂತಿಯ ಮುಂದೆ ಕಂಡ ಬಂಡೆ, ಬೆಳಗಿನ ಜಾವ ಎದ್ದು ನೋಡಿದರೆ ಚುಕ್ಕಾಣಿಯ ಹಿಂದೆ ಇರುತ್ತೆ! ದೋಣಿ ತಿರುಗಿದರೂ ಬಂಡೆಗೆ ತಾಗದಷ್ಟು ನೀರಿನ ಜಾಗ ಹಿಂದೆ ಉಳಿಸಿಕೊಳ್ಳಿ. ಲಂಗರಿಗೆ ಕಟ್ಟಿದ್ದು ಸರಪಳಿಯಾದರೆ ಆಳದ 5 ಪಟ್ಟು, ಹಗ್ಗವಾದರೆ 7 ಪಟ್ಟು ಬಿಡಿ. ಆಳ ಎಂದರೆ ಈಗಿನ ಆಳ ಮಾತ್ರ ಅಲ್ಲ. ಭರತ ಬಂದರೆ ಏರುವ ನೀರು, ನೀರಿನಿಂದ ಮೂತಿಯ ಎತ್ತರ ಎರಡನ್ನೂ ಸೇರಿಸಿ. ರಾತ್ರಿ ಎಲ್ಲ ಕಡೆಯಿಂದ ಕಾಣುವ ಬಿಳಿ ದೀಪ ಇರಲೇಬೇಕು, ಮೀನಿನ ಬೋಟುಗಳು ಓಡಾಡುತ್ತಿರುತ್ತವೆ.

ಇನ್ನು ಭೇಟಿ. ಬಂದ ತಕ್ಷಣ ಯಾರ ಮೇಲೂ ಬೀಳಬೇಡಿ, ಅವರೂ ದಣಿದಿರುತ್ತಾರೆ. ಸಂಜೆ ಐದರ ಹೊತ್ತಿಗೆ ಡಿಂಗಿಯಲ್ಲಿ (ದೊಡ್ಡ ದೋಣಿಯ ಜೊತೆಗಿರುವ ಪುಟ್ಟ ದೋಣಿ) ನಿಧಾನ ಹೋಗಿ, ದೋಣಿಯ ಪಕ್ಕೆ ತಟ್ಟಿ ಕೂಗಿ. ಕರೆಯುವವರೆಗೆ ಹತ್ತಬೇಡಿ. ಚಪ್ಪಲಿ ಡಿಂಗಿಯಲ್ಲೇ ಇರಲಿ. ನಿಮ್ಮ ತಟ್ಟೆ, ಲೋಟ ನೀವೇ ಒಯ್ಯಿರಿ. ದೋಣಿಯಲ್ಲಿ ಸಿಹಿನೀರನ್ನು ಅಳೆದು ಬಳಸುತ್ತಾರೆ, ನಿಮ್ಮ ಎಂಜಲು ತೊಳೆಯೋ ಕೆಲಸ ಅವರಿಗೆ ಯಾಕೆ?

ಮಾತು ಬಾರದಿದ್ದರೆ ಚಿಂತೆ ಬೇಡ. ಅವರ ದೋಣಿಯಲ್ಲಿ ಯಾವುದಾದರೂ ಒಂದು ಹಗ್ಗ ತೋರಿಸಿ 'ಇದನ್ನು ಯಾಕೆ ಹೀಗೆ ಕಟ್ಟಿದ್ದೀರಿ' ಅಂತ ಕೇಳಿ. ಅರ್ಧ ಗಂಟೆ ಅವರೇ ಮಾತಾಡುತ್ತಾರೆ. ಮುಂಬೈಯವರ ಹತ್ತಿರ 'ಮ್ಹಾದೇಯಿ' ಅನ್ನಿ. ನಮಗೆ ಮಹದಾಯಿ ಅಂದರೆ ನೀರಿನ ಜಗಳ ನೆನಪಾಗುತ್ತೆ, ಅಲ್ವಾ? ಅದೇ ನದಿಯ ಹೆಸರಿನ ಹಾಯಿದೋಣಿಯನ್ನು ಇಲ್ಲೇ ದಿವಾಡಿ ದ್ವೀಪದಲ್ಲಿ ಕಟ್ಟಿದರು. ಅದರಲ್ಲಿ ದಿಲೀಪ್ ದೋಂದೆ 2009-10ರಲ್ಲಿ ಒಬ್ಬರೇ ಲೋಕ ಸುತ್ತಿ ಬಂದರು. ಅಭಿಲಾಷ್ ಟೋಮಿ 2012-13ರಲ್ಲಿ ಎಲ್ಲೂ ನಿಲ್ಲದೆ ಸುತ್ತಿದರು.

ಮಡಗಾಂವ್‌ನಿಂದ, ಮೂಲತಃ ಕಾರವಾರದವರು:
ಹುಬ್ಬಳ್ಳಿಯವರು ಅಂದಿರಿ. ಖಡಕ್ ರೊಟ್ಟಿ ಒಯ್ಯಿರಿ! ತಮಾಷೆ ಅಲ್ಲ. ಫ್ರಿಜ್ ಬೇಡ, ಒಲೆ ಬೇಡ, ತಿಂಗಳು ಇಟ್ಟರೂ ಕೆಡೋದಿಲ್ಲ. ನಮ್ಮ ಜೊತೆ ಬಂದಿದ್ದ ಗದಗಿನ ಹುಡುಗ ಒಂದು ಡಬ್ಬಿ ತಂದಿದ್ದ. ಪಕ್ಕದ ದೋಣಿಯ ವಿದೇಶಿ ಹೆಂಗಸು ಮೊದಲು ಅದನ್ನು ತಟ್ಟೆ ಅಂದುಕೊಂಡು ಅದರ ಮೇಲೆ ಟೊಮ್ಯಾಟೊ ಹೋಳು ಜೋಡಿಸಿದರು. ಹುಡುಗ ಅಂಚು ಮುರಿದು ಶೇಂಗಾ ಚಟ್ನಿ ಹಚ್ಚಿ ಬಾಯಿಗಿಟ್ಟಾಗಲೇ ಗೊತ್ತಾಗಿದ್ದು. ಅವತ್ತು ಕಾಕ್‌ಪಿಟ್ (ದೋಣಿಯಲ್ಲಿ ಕೂರುವ ಜಾಗ) ತುಂಬ ರೊಟ್ಟಿ ಪುಡಿ, ಗುಡಿಸಿ ಸಾಕಾಯಿತು.

ನನ್ನ ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಅದೇ ರಾತ್ರಿ ಡಿಂಗಿ ಕಟ್ಟಿದ್ದು ನಾನು. ಕ್ಲೀಟಿಗೆ (ಹಗ್ಗ ಕಟ್ಟುವ ಕೊಂಬು) ಸುಮ್ನೆ ಎರಡು ಸುತ್ತು ಹಾಕಿ ಊಟಕ್ಕೆ ಕೂತೆ. ಒಂಬತ್ತಕ್ಕೆ ನೋಡಿದರೆ ಹಗ್ಗವೂ ಇಲ್ಲ, ಡಿಂಗಿಯೂ ಇಲ್ಲ. ಇಳಿತ ಎಳೆದುಕೊಂಡು ಹೋಗಿತ್ತು. ಟಾರ್ಚ್ ಆಡಿಸಿದ್ದನ್ನು ಕಂಡು ಆ ವಿದೇಶಿ ದಂಪತಿ ತಮ್ಮ ಡಿಂಗಿಯಲ್ಲಿ ಹೋಗಿ ಹಿಡಿದು ತಂದರು. ಆಕೆ ನನಗೆ ಬೈಯಲಿಲ್ಲ. ಕತ್ತಲಲ್ಲೇ ನನ್ನ ಕೈ ಹಿಡಿದು ಬೋಲೈನ್ ಗಂಟನ್ನು (ಜಾರದ ಕುಣಿಕೆ) ಮೂರು ಸಲ ಹಾಕಿಸಿದರು. ಈಗಲೂ ಇಬ್ಬರೂ ಸಂಪರ್ಕದಲ್ಲಿದ್ದೇವೆ. ನೀವು ಬೇಕಂತಲೇ ಡಿಂಗಿ ಬಿಡಬೇಡಿ ಮತ್ತೆ.

ಬೈನಾದಿಂದ, ಡೈವಿಂಗ್ ಮಾಡುವವರು:
ಸಾಧ್ಯವಾದರೆ ವಾರದ ನಡುವೆ ಹೋಗಿ. ಶನಿವಾರ, ಭಾನುವಾರ ಟೂರಿಸ್ಟ್ ಬೋಟುಗಳ ಹಾಡು, ಗಲಾಟೆ ಜಾಸ್ತಿ. ನೀರಿಗಿಳಿಯೋದು ಬೆಳಿಗ್ಗೆ, ಆ ಬೋಟುಗಳು ಬರುವ ಮೊದಲು. ಲಕ್ಷದ್ವೀಪದ ನೀಲಿ ನೀರು ನೆನೆಸಿಕೊಂಡು ಬರಬೇಡಿ. ಇಲ್ಲಿ ಒಳ್ಳೆಯ ದಿನವೂ ಕೆಲವೇ ಮೀಟರ್ ಕಾಣುತ್ತೆ. ಆದರೂ ಬಂಡೆಗಳ ಬುಡದಲ್ಲಿ ಹವಳ ಇದೆ, ಮೀನಿನ ಹಿಂಡು ಇದೆ. ಲಂಗರನ್ನು ಹವಳದ ಮೇಲೆ ಬಿಡಬೇಡಿ, ಮರಳು ಹುಡುಕಿ. ಮುಳುಗಿದ ಹಡಗು ನೋಡಬೇಕಿದ್ದರೆ ಸೂಜೀಸ್ ರೆಕ್ ಇದೆ, ಅಲ್ಲಿಗೆ ಕಲಿಸುವವರ ಜೊತೆಗೇ ಇಳಿಯಿರಿ. ಈಜುವಾಗ ಒಂದು ಕಣ್ಣು ಕೊಡೋಕೆ ದೋಣಿಯಲ್ಲಿ ಯಾರಾದರೂ ಇರಲಿ. ಫೇಣಿ (ಗೋವಾದ ಮದ್ಯ) ಏನಿದ್ದರೂ ಈಜು ಮುಗಿದ ಮೇಲೆ.

ಕಾಣಕೋಣದಿಂದ:
ಕುಡಿದ ಖುಷಿಯಲ್ಲಿ ಯಾರಾದರೂ 'ಅಂಜದೀವ ದ್ವೀಪಕ್ಕೂ ಹೋಗೋಣ' ಅನ್ನುತ್ತಾರೆ. ಬೇಡ. ಅದು ಕಾರವಾರದ ಎದುರೇ ಇದ್ದರೂ ಗೋವಾಕ್ಕೆ ಸೇರಿದ್ದು, ಈಗ ನೌಕಾಪಡೆಯ ಕೈಯಲ್ಲಿದೆ. ಫ್ರಾನ್ಸಿನವರ ಹತ್ತಿರ ಸ್ಯಾಟಲೈಟ್ ಫೋನ್ ಇದ್ದರೆ ಅದನ್ನು ಮುಟ್ಟಲೂ ಬೇಡಿ. ಅನುಮತಿ ಇಲ್ಲದೆ ಅದನ್ನು ಇಲ್ಲಿ ಬಳಸೋ ಹಾಗಿಲ್ಲ. ದಡಕ್ಕೆ ಬಂದ ಮೇಲೆ ಅವರನ್ನು ರಾಯಬಂದರದಿಂದ ಫೆರ‍್ರಿ ಹತ್ತಿಸಿ ಚೋಡಣ ದ್ವೀಪಕ್ಕೆ ಕರೆದುಕೊಂಡು ಹೋಗಿ. ಸಲೀಂ ಅಲಿ ಪಕ್ಷಿಧಾಮ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಬೆಳಗಿನ ಹೊತ್ತು.

ವಾಸ್ಕೋದಿಂದ ಮತ್ತೆ:
ಎಲ್ಲರಿಗೂ ಥ್ಯಾಂಕ್ಸ್. ಅವ್ವನಿಗೆ ಫೋನ್ ಮಾಡಿದೆ, ಐವತ್ತು ರೊಟ್ಟಿ ಬಡಿದು ಕಳಿಸುತ್ತಾಳಂತೆ. ಶೇಂಗಾ ಚಟ್ನಿಗೆ ಖಾರ ಕಡಿಮೆ ಹಾಕಿಸಲಾ?

ಮಡಗಾಂವ್‌ನಿಂದ:
ಹಾಕಿದಷ್ಟೇ ಹಾಕಲಿ. ಜೊತೆಗೆ ಮೊಸರು ಇಟ್ಟುಕೊಳ್ಳಿ.