ಆಟೋಫಾರ್ಮರ್ ಜೋಡಿಸಿದ ಮೇಲೆ ತಗ್ಗಿನ ನಾದ ಊದಿಕೊಳ್ಳುತ್ತಿದೆ: ದೋಷ ಎಲ್ಲಿದೆ?

ಪ್ರಶ್ನೆ (ಬಟವಾಡಿ, ತುಮಕೂರು)

ಎಲ್ಲರಿಗೂ ನಮಸ್ಕಾರ. ನಾನೇ ಕಟ್ಟಿಕೊಂಡ ವಾಲ್ವ್ ಡ್ಯಾಕ್‌ನಿಂದ (ಡಿಜಿಟಲ್ ಸಂಗೀತವನ್ನು ಅನಲಾಗ್ ಸಂಕೇತವಾಗಿಸುವ ಸಾಧನ) ಪವರ್ ಆಂಪ್ಲಿಫೈಯರಿಗೆ ಹೋಗುವ ದಾರಿಯಲ್ಲಿ ಇಷ್ಟು ದಿನ 100 ಕಿಲೋಓಮ್‌ನ ವಾಲ್ಯೂಮ್ ಕಂಟ್ರೋಲ್ ಇತ್ತು. ಅದನ್ನು ತೆಗೆದು ಕಳೆದ ವಾರ ಆಟೋಫಾರ್ಮರ್ (ಹಂತಹಂತದ ಸ್ವಿಚ್ಚಿನಿಂದ ಸದ್ದನ್ನು ತಗ್ಗಿಸುವ, ಕೋರಿಗೆ ಸುತ್ತಿದ ತಂತಿಸುರುಳಿ) ಹಾಕಿದ್ದೇನೆ. ಗಾಯಕರ ಉಸಿರು, ತಂಬೂರಿಯ ಝೇಂಕಾರ ಎಲ್ಲವೂ ಹಿಂದೆಂದಿಗಿಂತ ಸ್ಪಷ್ಟವಾಗಿವೆ. ಆದರೆ ಮೃದಂಗದ ತೊಪ್ಪಿಯ ನಾದ ಮಾತ್ರ ಅಗತ್ಯಕ್ಕಿಂತ ದಪ್ಪವಾಗಿ, ಕೊನೆಯಲ್ಲಿ ಎಳೆದಂತೆ ಕೇಳುತ್ತದೆ. ವೂಫರಿನ ಕಾಗದವೂ ಕಣ್ಣಿಗೆ ಕಾಣುವಷ್ಟು ಅಲುಗಾಡುತ್ತದೆ. ವಿಚಿತ್ರವೆಂದರೆ, ಸ್ವಿಚ್ಚನ್ನು ಪೂರ್ತಿ ಮೇಲಕ್ಕೆ ತಿರುಗಿಸಿ ಮೆಲ್ಲನೆಯ ಧ್ವನಿಮುದ್ರಣವೊಂದನ್ನು ಕೇಳಿದಾಗ ಈ ಊತ ಬಹುಮಟ್ಟಿಗೆ ಇಳಿಯುತ್ತದೆ. ಜೊತೆಗೆ ಪ್ರತಿ ಹಂತ ಬದಲಿಸುವಾಗಲೂ ಸಣ್ಣ ‘ಟಪ್’ ಸದ್ದು ಬರುತ್ತದೆ.

ವಿವರಗಳು ಹೀಗಿವೆ: ಡ್ಯಾಕ್‌ನ ಔಟ್‌ಪುಟ್ ಇಂಪೀಡೆನ್ಸ್ (ಎಸಿ ಸಂಕೇತಕ್ಕೆ ಒಡ್ಡುವ ತಡೆ) ಸುಮಾರು 2.2 ಕಿಲೋಓಮ್, ಅದರ ಔಟ್‌ಪುಟ್‌ನಲ್ಲಿ ಡಿಸಿಯನ್ನು ತಡೆದು ಸಂಗೀತವನ್ನಷ್ಟೇ ಬಿಡುವ ಕಪ್ಲಿಂಗ್ ಕೆಪಾಸಿಟರ್ 0.47 ಮೈಕ್ರೋಫ್ಯಾರಡ್, ಆಟೋಫಾರ್ಮರಿನ ಇಂಡಕ್ಟೆನ್ಸ್ 50 ಹೆನ್ರಿ, ಆಂಪ್ಲಿಫೈಯರಿನ ಇನ್‌ಪುಟ್ 20 ಕಿಲೋಓಮ್. ಆಟೋಫಾರ್ಮರೇ ಕೆಟ್ಟಿದೆಯೆಂದು ಹಿಂದಿರುಗಿಸಬೇಕೇ?

ಉತ್ತರ (ಶಿಡ್ಲಘಟ್ಟ, ಚಿಕ್ಕಬಳ್ಳಾಪುರ)

ದಯವಿಟ್ಟು ಹಿಂದಿರುಗಿಸಬೇಡಿ, ಅದರಲ್ಲಿ ದೋಷವಿಲ್ಲ. ಪೂರ್ತಿ ಮೇಲಿಟ್ಟಾಗ ಊತ ಇಳಿಯುತ್ತದೆ ಎಂಬ ನಿಮ್ಮ ಮಾತಿನಲ್ಲಿಯೇ ಉತ್ತರವಿದೆ.

ಹಳೆಯ ಕಂಟ್ರೋಲ್ ಬರೀ ರೆಸಿಸ್ಟರ್ ಆಗಿತ್ತು. ಅದರೊಡನೆ 0.47 ಮೈಕ್ರೋಫ್ಯಾರಡ್ ಕೆಪಾಸಿಟರ್ 3.4 ಹರ್ಟ್ಸ್‌ನ ಆಸುಪಾಸಿನಿಂದ ಕೆಳಗಿನದನ್ನು ಮಾತ್ರ ಕತ್ತರಿಸುತ್ತಿತ್ತು, ಆದ್ದರಿಂದ ನಿಮಗೆ ಯಾವ ತೊಂದರೆಯೂ ಕಾಣಲಿಲ್ಲ. ಆಟೋಫಾರ್ಮರ್ ಹಾಗಲ್ಲ, ಅದೊಂದು ದೊಡ್ಡ ಇಂಡಕ್ಟರ್. 50 ಹೆನ್ರಿಯ ಸುರುಳಿಯೂ 0.47 ಮೈಕ್ರೋಫ್ಯಾರಡ್ ಕೆಪಾಸಿಟರೂ ಸೇರಿದರೆ ಸುಮಾರು 33 ಹರ್ಟ್ಸ್‌ನಲ್ಲಿ ಅನುರಣನ ಹುಟ್ಟುತ್ತದೆ. ನಿಮ್ಮ 2.2 ಕಿಲೋಓಮ್ ಒಂದೇ ಅದನ್ನು ಅಡಗಿಸಬೇಕಾದರೆ, ಅಲ್ಲಿ 13 ಡೆಸಿಬೆಲ್‌ನಷ್ಟು ಎತ್ತರದ ಗುಡ್ಡವೇ ಏಳುತ್ತದೆ. 50 ಹರ್ಟ್ಸ್‌ನಲ್ಲಿಯೂ ಹತ್ತಿರಹತ್ತಿರ 5 ಡೆಸಿಬೆಲ್ ಉಳಿಯುತ್ತದೆ. ನೀವು ಕೇಳುತ್ತಿರುವ ಊತ ಇದೇ.

ಇನ್ನು ಸ್ವಿಚ್ಚಿನ ವಿಚಾರ. ಆಟೋಫಾರ್ಮರ್ ವೋಲ್ಟೇಜನ್ನು ಎಷ್ಟು ಪಟ್ಟು ತಗ್ಗಿಸುತ್ತದೆಯೋ ಅದರ ವರ್ಗದಷ್ಟು ಪಟ್ಟು ಆಂಪ್ಲಿಫೈಯರಿನ ಇಂಪೀಡೆನ್ಸನ್ನು ಹಿಗ್ಗಿಸಿ ಡ್ಯಾಕ್‌ಗೆ ತೋರಿಸುತ್ತದೆ. 20 ಡೆಸಿಬೆಲ್ ಇಳಿಸಿದಾಗ ವೋಲ್ಟೇಜ್ ಹತ್ತರಲ್ಲಿ ಒಂದು ಪಾಲಾಗುತ್ತದೆ, 20 ಕಿಲೋಓಮ್ ಎಂಬುದು 2 ಮೆಗಾಓಮ್ ಆಗಿ ಕಾಣುತ್ತದೆ. ಡ್ಯಾಕ್‌ಗೆ ಭಾರ ಹಗುರವಾಗುವ ಈ ಗುಣಕ್ಕಾಗಿಯೇ ನಾವೆಲ್ಲ ಆಟೋಫಾರ್ಮರನ್ನು ಮೆಚ್ಚುವುದು. ಆದರೆ ಆ ಭಾರವೇ ಅನುರಣನವನ್ನೂ ಹಿಡಿದಿಡುತ್ತಿತ್ತು. ಪೂರ್ತಿ ಮೇಲಿಟ್ಟಾಗ 20 ಕಿಲೋಓಮ್ ನೇರವಾಗಿ ಸುರುಳಿಗೆ ಅಡ್ಡವಾಗಿ ನಿಲ್ಲುತ್ತದೆ, ಗುಡ್ಡ ಕರಗುತ್ತದೆ.

ಮೊದಲು ಪರೀಕ್ಷಿಸಿ ನೋಡಿ: ಆಟೋಫಾರ್ಮರಿನ ಇನ್‌ಪುಟ್‌ಗೂ ಗ್ರೌಂಡಿಗೂ ನಡುವೆ 10 ಕಿಲೋಓಮ್ ರೆಸಿಸ್ಟರ್ ಹಾಕಿ. ಎಲ್ಲ ಹಂತಗಳಲ್ಲಿಯೂ ಊತ ಹೋದರೆ ಕಾರಣ ಖಚಿತವಾಯಿತು. ಅದನ್ನು ಅಲ್ಲಿಯೇ ಬಿಟ್ಟರೆ ವಾಲ್ವಿಗೆ ಭಾರ ಹೆಚ್ಚುತ್ತದೆ, ಆದ್ದರಿಂದ ಅದು ಪರೀಕ್ಷೆಗೆ ಮಾತ್ರ. ನಿಜವಾದ ಪರಿಹಾರವೆಂದರೆ ಕಪ್ಲಿಂಗ್ ಕೆಪಾಸಿಟರನ್ನು 10 ಮೈಕ್ರೋಫ್ಯಾರಡ್‌ಗೆ ಏರಿಸುವುದು. ಆಗ ಅನುರಣನ 7 ಹರ್ಟ್ಸ್‌ಗೆ ಇಳಿಯುತ್ತದೆ, ಮತ್ತು ನಿಮ್ಮ 2.2 ಕಿಲೋಓಮ್ ಅದನ್ನು ಅಡಗಿಸಲು ಸಾಕಾಗುತ್ತದೆ. ಫಿಲ್ಮ್ ಕೆಪಾಸಿಟರನ್ನೇ ಕೊಳ್ಳಿ. ವಾಲ್ವ್ ಬಿಸಿಯಾಗುವ ಮೊದಲು ಪೂರ್ಣ ಹೈ ಟೆನ್ಷನ್ (ವಾಲ್ವಿಗೆ ಕೊಡುವ ಅಧಿಕ ಡಿಸಿ ವೋಲ್ಟೇಜ್) ಕೆಪಾಸಿಟರಿನ ಮೇಲೆ ಬೀಳುವುದರಿಂದ 400 ವೋಲ್ಟಿಗಿಂತ ಕಡಿಮೆಯದನ್ನು ಬಳಸಬೇಡಿ. ಪೆಟ್ಟಿಗೆ ತೆರೆಯುವ ಮುನ್ನ ಪ್ಲಗ್ ಕಿತ್ತು, ಹೈ ಟೆನ್ಷನ್ ಇಳಿದಿದೆಯೆಂದು ಮೀಟರಿನಲ್ಲಿ ನೋಡಿಕೊಂಡ ಮೇಲೆಯೇ ಕೈ ಹಾಕಿ.

ಉತ್ತರ (ಕೆಜಿಎಫ್, ಕೋಲಾರ)

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ. ‘ಟಪ್’ ಸದ್ದಿನ ಬಗ್ಗೆ ಎರಡು ಮಾತು. ಹಂತಗಳ ನಡುವೆ ಸ್ವಿಚ್ ಕ್ಷಣಕಾಲ ಬಿಟ್ಟು ಹಿಡಿಯುವಾಗ ಆಂಪ್ಲಿಫೈಯರಿನ ಇನ್‌ಪುಟ್ ತೇಲಾಡದಂತೆ, ಸ್ವಿಚ್ಚಿನ ಔಟ್‌ಪುಟ್‌ನಿಂದ ಗ್ರೌಂಡಿಗೆ 470 ಕಿಲೋಓಮ್ ರೆಸಿಸ್ಟರ್ ಹಾಕಿ. ಬಿಡುವ ಮುನ್ನವೇ ಹಿಡಿಯುವ ಬಗೆಯ ಸ್ವಿಚ್ ಇಲ್ಲಿ ಬೇಡ, ಅದು ಪಕ್ಕಪಕ್ಕದ ಟ್ಯಾಪ್‌ಗಳನ್ನು (ಸುರುಳಿಯ ನಡುನಡುವೆ ಹೊರತೆಗೆದ ತಂತಿಗಳನ್ನು) ಶಾರ್ಟ್ ಮಾಡುತ್ತದೆ.

ಹಳೆಯ ಕೆಪಾಸಿಟರ್ ಸೋರುತ್ತಿದೆಯೇ, ಅಂದರೆ ಡಿಸಿಯನ್ನು ಬಿಡುತ್ತಿದೆಯೇ ಎಂದೂ ನೋಡಿ. ಆಟೋಫಾರ್ಮರ್ ಜೋಡಿಸಿರುವಾಗ ಅಳೆದರೆ ಸುರುಳಿಯ ಡಿಸಿ ರೆಸಿಸ್ಟೆನ್ಸ್ ಕಡಿಮೆಯಿರುವುದರಿಂದ ಮೀಟರ್ ಸೊನ್ನೆಯ ಹತ್ತಿರವೇ ನಿಲ್ಲುತ್ತದೆ, ನಾವು ಮೋಸಹೋಗುತ್ತೇವೆ. ಆಟೋಫಾರ್ಮರನ್ನು ಬಿಚ್ಚಿ, ಅದರ ಬದಲು ಹಾಕಿದ 100 ಕಿಲೋಓಮ್ ರೆಸಿಸ್ಟರಿನ ಮೇಲೆ ಅಳೆಯಿರಿ. ಆಟೋಫಾರ್ಮರಿನ ನಿಕ್ಕಲ್ ಬೆರೆತ ಕೋರ್ ಡಿಸಿಯನ್ನು ಸಹಿಸುವುದಿಲ್ಲ.

ಪ್ರಶ್ನೆ ಕೇಳಿದವರಿಂದ (ಬಟವಾಡಿ, ತುಮಕೂರು)

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. 10 ಕಿಲೋಓಮ್ ಹಾಕಿದ ಕೂಡಲೇ ಊತ ಹೋಯಿತು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ 10 ಮೈಕ್ರೋಫ್ಯಾರಡ್‌ನ ಎರಡು ಫಿಲ್ಮ್ ಕೆಪಾಸಿಟರ್ ತಂದು ಬೆಸುಗೆ ಹಾಕಿದ್ದೇನೆ. ತೊಪ್ಪಿಯ ನಾದ ಈಗ ಎಲ್ಲ ಹಂತಗಳಲ್ಲಿಯೂ ಒಂದೇ ಬಗೆಯಲ್ಲಿದೆ, ವೂಫರ್ ಶಾಂತವಾಗಿದೆ. ಹಳೆಯ ಕೆಪಾಸಿಟರಿನಲ್ಲಿ ಸೋರಿಕೆ ಸಿಗಲಿಲ್ಲ. 470 ಕಿಲೋಓಮ್‌ನಿಂದಲೇ ‘ಟಪ್’ ನಿಂತಿತು. ಆದರೆ ಡ್ಯಾಕ್ ಹಾಕಿದಾಗ ದೊಡ್ಡ ಕೆಪಾಸಿಟರ್ ತುಂಬಿಕೊಳ್ಳುವಾಗಿನ ಗುದ್ದು ಮೊದಲಿಗಿಂತ ಜೋರಾಗಿದೆ. ಅದಕ್ಕಾಗಿ ಒಂದು ನಿಮಿಷ ಕಾದು ಆಮೇಲೆ ಆಂಪ್ಲಿಫೈಯರ್ ಹಾಕುತ್ತಿದ್ದೇನೆ.