ಸಹಾಯ ಬೇಕು: ಇಂಗ್ಲೆಂಡಿನಲ್ಲಿ ಅಂಗಡಿಗೆ ಮಳೆನೀರಿನ ಚಾರ್ಜ್

ಇಂಗ್ಲೆಂಡಿನಲ್ಲಿ ಅಂಗಡಿ, ಹೋಟೆಲ್ ನಡೆಸುವ ಕನ್ನಡಿಗರು ಇದ್ದೀರಾ? ನಮ್ಮದು ಚಿಕ್ಕ ದಿನಸಿ ಅಂಗಡಿ. ನೀರು ಬೇಕಾಗುವುದು ಒಂದು ಸಿಂಕು, ಒಂದು ಟಾಯ್ಲೆಟ್‌ಗೆ. ಆ ನೀರಿನ ಬಿಲ್ಲಿಗಿಂತ ಜಾಸ್ತಿ ಸರ್ಫೇಸ್ ವಾಟರ್ ಡ್ರೈನೇಜ್ (ಜಾಗದ ಮೇಲೆ ಬಿದ್ದ ಮಳೆನೀರು ಒಳಚರಂಡಿಗೆ ಹೋಗುವುದಕ್ಕೆ ಚಾರ್ಜ್) ಅಂತ ಹಾಕುತ್ತಾರೆ. ಮೀಟರ್ ಲೆಕ್ಕವಲ್ಲ, ಜಾಗದ ಅಳತೆಯ ಬ್ಯಾಂಡ್, ಅಂದರೆ ಅಳತೆಗೆ ತಕ್ಕ ದರದ ಹಂತ. ಮಳೆ ಬಂದರೂ ಅಷ್ಟೇ, ಬರದಿದ್ದರೂ ಅಷ್ಟೇ!

ಚಾವಣಿ ನೀರು ಹಿತ್ತಲಿನ ಸೋಕ್‌ಅವೇ ಗುಂಡಿಯಲ್ಲಿ ಇಂಗುತ್ತದೆ. ಮುಂದಿನ ಕಾರ್ ಪಾರ್ಕ್ ನೀರು ಮಾತ್ರ ಒಳಚರಂಡಿಗೆ. ಒಂದು ಹನಿಯೂ ಚರಂಡಿ ಸೇರದಿದ್ದರೆ ಚಾರ್ಜ್ ಬಿಡುತ್ತಾರೆ, ಅದು ಗೊತ್ತು. ನಮ್ಮದು ಅರ್ಧಂಬರ್ಧ.

2017ರಿಂದ ಬಿಲ್ ಕೊಡುವ ಕಂಪನಿ ಬೇರೆ, ಪೈಪ್ ನೋಡಿಕೊಳ್ಳುವ ಕಂಪನಿ ಬೇರೆ ಅಲ್ವಾ. ಇವರನ್ನು ಕೇಳಿದರೆ ಅವರತ್ತ ಕೈ ತೋರಿಸುತ್ತಾರೆ, ಅವರು ಇವರತ್ತ.

ಒಟ್ಟು ಜಾಗದಿಂದ ಚಾವಣಿಯ ಅಳತೆ ಕಳೆಯಿಸಿ ಬ್ಯಾಂಡ್ ಇಳಿಸಿಕೊಂಡವರು ಯಾರಾದರೂ ಇದ್ದೀರಾ? ನಕ್ಷೆ, ಫೋಟೋ ಸಾಕಾಯಿತಾ, ಇಲ್ಲ ಡ್ರೈನ್ ಸರ್ವೆ ಕೇಳಿದರಾ?